ಸೀಟ್ ತಗೊಳ್ಳೋ ಮುಂಚೆ ಮಕ್ಕಳು ಒಂದ್ಸಲ ಕ್ಯಾಂಪಸ್ಸಿಗೆ ಹೋಗಿ ನೋಡ್ಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಮ್ಮ ಉತ್ತರ ಕನ್ನಡದ ಡಿಗ್ರಿ ಕಾಲೇಜುಗಳಲ್ಲಿ ಫೈನಲ್ ಇಯರ್ ಓದ್ತಾ ಇರೋ ಮಕ್ಕಳು ಪಿಜಿ ಎಲ್ಲಿ ಮಾಡೋದು ಅಂತ ಯೋಚನೆ ಶುರು ಮಾಡೋ ಹೊತ್ತು ಇದು, ಹಂಗಾಗಿ ಈ ಪತ್ರ ಬರೀತಾ ಇದೀನಿ. ಸ್ವಲ್ಪ ಉದ್ದ ಆಗ್ತದೆ, ಆದ್ರೂ ಆದಷ್ಟು ಪೂರ್ತಿ ಹಾಕಿ ಅಂತ ಕೇಳ್ಕೊಳ್ತೀನಿ. ನಾನು ಇದೇ ಕರಾವಳಿಯ ಒಂದು ಕಾಲೇಜಲ್ಲಿ ಪಾಠ ಮಾಡೋಳು, ಅದಕ್ಕೂ ಮುಂಚೆ ಎಂಎಸ್‌ಸಿ, ಪಿಎಚ್‌ಡಿ ಅಂತ ಊರು ಬಿಟ್ಟು ವರ್ಷಗಟ್ಲೆ ಹಾಸ್ಟೆಲಲ್ಲಿ ಇದ್ದೋಳು. ನಮ್ಮ ಮಕ್ಕಳು ಮುಂದಿನ ಓದಿಗೆ ಜಾಗ ಆರಿಸ್ಕೊಳ್ಳೋ ರೀತಿ ನೋಡಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗ್ತದೆ.

ಹೆಂಗೆ ಆರಿಸ್ತಾರೆ ಅಂದ್ರೆ, ಫೋನಲ್ಲಿ ರ‍್ಯಾಂಕಿಂಗ್ ನೋಡ್ತಾರೆ, ಡ್ರೋನಲ್ಲಿ ತೆಗೆದ ಗೇಟು, ಗಾರ್ಡನ್ನು, ದೊಡ್ಡ ಲೈಬ್ರರಿ ಬಿಲ್ಡಿಂಗು ಇರೋ ವಿಡಿಯೋ ನೋಡ್ತಾರೆ, ಹಳೇ ಸೀನಿಯರ್ ಒಬ್ಬ ವಾಟ್ಸಾಪಲ್ಲಿ ಚಲೋ ಇದೆ ಬಾ ಅಂದಿರ್ತಾನೆ, ಮುಗೀತು. ಆಮೇಲೆ ಆ ಕ್ಯಾಂಪಸ್ಸಿಗೆ ಮೊದಲ್ನೇ ಸಲ ಕಾಲಿಡೋದು ಡಾಕ್ಯುಮೆಂಟ್ ವೆರಿಫಿಕೇಶನ್ ದಿನ, ಕೈಯಲ್ಲಿ ಒರಿಜಿನಲ್ ಮಾರ್ಕ್ಸ್‌ಕಾರ್ಡು, ಹೆಗಲಿಗೆ ಬ್ಯಾಗು, ಜೊತೆಗೆ ಅಪ್ಪ, ಅವತ್ತೇ ಫೀಸ್ ಕಟ್ಬೇಕು, ಅವತ್ತೇ ಹಾಸ್ಟೆಲ್ ಅರ್ಜಿ ಕೊಡ್ಬೇಕು. ಅವತ್ತು ಎಂತ ಕಂಡ್ರೂ ತಿರುಗಿ ಬರೋ ಹಾಗಿಲ್ಲ. ನಮ್ಮ ಆಯಿ ಕುಮಟೆ ಪೇಟೆಲಿ ಬಂಗಡೆ ತಗೊಳ್ಳೋವಾಗ್ಲೂ ಕಿವಿರು ಎತ್ತಿ ಕೆಂಪು ಇದೆಯಾ ನೋಡ್ದೆ ದುಡ್ಡು ಕೊಟ್ಟೋಳಲ್ಲ, ಎಂಎಸ್‌ಸಿ ಅಂದ್ರೆ ಎರಡು ವರ್ಷ, ಪಿಎಚ್‌ಡಿ ಅಂದ್ರೆ ಕಮ್ಮಿ ಅಂದ್ರೂ ಮೂರು, ಬಹಳ ಜನಕ್ಕೆ ಐದಾರು ವರ್ಷ, ಅದನ್ನ ನೋಡ್ದೆ ಒಪ್ಕೊಂಡು ಬರ್ತಾ ಇದೀವಿ.

ಮಕ್ಕಳದ್ದೇ ತಪ್ಪು ಅಂತ ನಾನು ಹೇಳ್ತಾ ಇಲ್ಲ. ಕ್ಯಾಂಪಸ್ ವಿಸಿಟ್ ಅನ್ನೋದು ಒಂದು ಇದೆ, ಹೋಗಿ ಕೇಳ್ಬಹುದು, ಪ್ರೊಫೆಸರನ್ನ ಮಾತಾಡಿಸ್ಬಹುದು ಅನ್ನೋದೇ ನಮ್ಮ ಕಡೆ ಬಹಳ ಮನೆಗಳಲ್ಲಿ ಗೊತ್ತಿಲ್ಲ. ಮನೆಲಿ ಪಿಜಿ ಮೆಟ್ಲು ಹತ್ತಿದ ಮೊದಲ್ನೇ ಮಗು ಆದ್ರೆ ಅಂತೂ ಕೇಳೋದೇ ಬೇಡ, ಯೂನಿವರ್ಸಿಟಿ ಅಂದ್ರೆ ಕರೆದ್ರೆ ಮಾತ್ರ ಹೋಗೋ ಜಾಗ ಅನ್ಕೊಂಡಿರ್ತಾರೆ. ಹಾಗಲ್ಲ. ಅದು ನಮ್ಮ ತೆರಿಗೆ ದುಡ್ಡಲ್ಲಿ ನಡೆಯೋ ಸಾರ್ವಜನಿಕ ಜಾಗ, ಮರ್ಯಾದೆಯಿಂದ ಮೊದ್ಲೇ ಹೇಳಿ ಹೋದ್ರೆ ಯಾರೂ ಗದರಿಸಿ ಕಳ್ಸೋದಿಲ್ಲ, ಬಹಳ ಕಡೆ ಚಾ ಕುಡಿಸಿ ಕಳಿಸ್ತಾರೆ.

ಮೊದ್ಲು ಟೈಮಿನ ವಿಷ್ಯ ಹೇಳ್ತೀನಿ, ಯಾಕಂದ್ರೆ ನಮ್ಮ ಜಿಲ್ಲೆಗೆ ಇದೇ ದೊಡ್ಡ ತೊಡಕು. ರಾಜ್ಯದ ಯೂನಿವರ್ಸಿಟಿಗಳ ಪಿಜಿ ಅಡ್ಮಿಶನ್ ನಡೆಯೋದು ಡಿಗ್ರಿ ರಿಸಲ್ಟ್ ಬಂದ್ಮೇಲೆ, ಅಂದ್ರೆ ಹೆಚ್ಚು ಕಮ್ಮಿ ಮಳೆಗಾಲದಲ್ಲಿ. ನಮ್ಮಲ್ಲಿ ಆ ಹೊತ್ತಿಗೆ ಘಟ್ಟ ಹತ್ತೋದು ಎಂತ ಕಷ್ಟ ಅಂತ ಹೊರಗಿನವ್ರಿಗೆ ಹೇಳಿದ್ರೆ ಅರ್ಥ ಆಗೋದಿಲ್ಲ. ದೇವಿಮನೆ ಘಟ್ಟದಲ್ಲಿ ಮಣ್ಣು ಜರೀತು ಅಂದ್ರೆ ಕುಮಟಾ ಶಿರಸಿ ಸುತ್ತಿ ಬಳಸಿ ಹೋಗ್ಬೇಕು, ಅರಬೈಲ್ ಘಟ್ಟದಲ್ಲಿ ಒಂದು ಲಾರಿ ಅಡ್ಡ ನಿಂತ್ರೆ ಹುಬ್ಬಳ್ಳಿ ಬಸ್ಸು ತಾಸುಗಟ್ಲೆ ಅಲ್ಲೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಜೀವ ಹೋಗಿ ಹೆದ್ದಾರಿನೇ ಬಂದ್ ಆಗಿತ್ತು, ಅದಾಗಿ ಮೂರು ವಾರಕ್ಕೆ ಆಗಸ್ಟ್ 7ರ ಬೆಳಗಿನ ಜಾವ ಕಾರವಾರದ ಕಾಳಿ ಹಳೇ ಸೇತುವೆ ಬಿತ್ತು. ಇಂಥ ಮಳೆಯಲ್ಲಿ ಸುಮ್ನೆ ಕ್ಯಾಂಪಸ್ ನೋಡ್ಕೊಂಡು ಬಾ ಅಂತ ಮಗಳನ್ನ ಯಾರು ಕಳಿಸ್ತಾರೆ? ಕಳ್ಸೋದೂ ಬೇಡ. ಅದಕ್ಕೇ ನೋಡೋ ಕೆಲ್ಸ ಐದನೇ ಸೆಮಿಸ್ಟರ್ ಮುಗಿಯೋ ಹೊತ್ತಿಗೆ, ಚಳಿಗಾಲದಲ್ಲೇ ಮುಗಿಸ್ಕೊಳ್ಬೇಕು ಅಂತ ನಾನು ಹೇಳೋದು. ಇನ್ನೊಂದು ಕಾರಣನೂ ಇದೆ, ಐಐಟಿಗಳಲ್ಲಿ ಪಿಜಿ ಸೇರೋಕೆ ಬರಿಯೋ ಜ್ಯಾಮ್ ಪರೀಕ್ಷೆ ಫೆಬ್ರವರಿಯಲ್ಲಿ, ಸೆಂಟ್ರಲ್ ಯೂನಿವರ್ಸಿಟಿಗಳ ಪ್ರವೇಶ ಪರೀಕ್ಷೆ ಸಿಯುಇಟಿ ಪಿಜಿ ಅದರ ಹಿಂದೆನೇ ಬರ್ತದೆ, ಅದಕ್ಕೆಲ್ಲ ಅರ್ಜಿ ತುಂಬೋವಾಗ್ಲೇ ಎಂತ ಓದ್ಬೇಕು, ಎಲ್ಲಿ ಓದ್ಬೇಕು ಅನ್ನೋ ಒಂದು ಅಂದಾಜು ಮನಸ್ಸಲ್ಲಿ ಇರ್ಬೇಕು. ರಿಸಲ್ಟ್ ಬಂದ್ಮೇಲೆ ನೋಡೋಣ ಅಂದವ್ರಿಗೆ ಆ ಬಾಗಿಲೆಲ್ಲ ಆಗ್ಲೇ ಮುಚ್ಚಿರ್ತದೆ.

ದಿನ ಆರಿಸೋವಾಗ ಎರಡನೇ ಶನಿವಾರ, ನಾಲ್ಕನೇ ಶನಿವಾರ ಬಿಡಿ, ಆಫೀಸ್ ಇರೋದಿಲ್ಲ. ಸೋಮವಾರ ಎಲ್ಲರಿಗೂ ಮೀಟಿಂಗು. ಮಂಗಳವಾರದಿಂದ ಗುರುವಾರದ ಒಳಗೆ ಹೋಗಿ. ಆ ವಿಭಾಗದಲ್ಲಿ ಪರೀಕ್ಷೆ ನಡೀತಾ ಇದೆಯಾ, ಸೆಮಿಸ್ಟರ್ ರಜೆನಾ ಅಂತ ಮೊದ್ಲೇ ಫೋನ್ ಮಾಡಿ ಕೇಳಿ, ಬೀಗ ಹಾಕಿದ ಲ್ಯಾಬ್ ಬಾಗಿಲು ನೋಡ್ಕೊಂಡು ಬರೋಕೆ ಅಷ್ಟು ದೂರ ಹೋಗೋ ಅಗತ್ಯ ಇಲ್ಲ.

ಎಲ್ಲಿಗೆ ಹೋಗೋದು? ನಾನು ಹೇಳೋದು ಮೊದ್ಲು ಮನೆ ಹತ್ರದ್ದನ್ನ ನೋಡಿ. ಕಾರವಾರದ ಕೋಡಿಬಾಗದಲ್ಲೇ ಧಾರವಾಡದ ಕರ್ನಾಟಕ ಯೂನಿವರ್ಸಿಟಿಯ ಸ್ನಾತಕೋತ್ತರ ಕೇಂದ್ರ ಇದೆ, ಅಲ್ಲಿ ಮರೈನ್ ಬಯಾಲಜಿ ವಿಭಾಗ ಇದೆ ಅನ್ನೋದು ನಮ್ಮ ಜಿಲ್ಲೆಯ ಎಷ್ಟೋ ಬಿಎಸ್‌ಸಿ ಮಕ್ಕಳಿಗೆ ಗೊತ್ತೇ ಇರೋದಿಲ್ಲ, ಇದು ನಂಗೆ ಬಹಳ ಬೇಜಾರಿನ ವಿಷ್ಯ. ಕಾಳಿ ಸಮುದ್ರ ಸೇರೋ ಜಾಗ, ಕಾಂಡ್ಲಾ ಗಿಡ, ಮೀನುಗಾರಿಕೆ ಬಂದರು ಎಲ್ಲ ಕೈಗೆ ಸಿಗೋ ದೂರದಲ್ಲಿ ಇದೆ, ಅದೇ ಊರಲ್ಲಿ ಸಮುದ್ರ ಮೀನುಗಾರಿಕೆ ಸಂಶೋಧನೆ ಮಾಡೋ ಕೇಂದ್ರ ಸರ್ಕಾರದ ಸಿಎಂಎಫ್‌ಆರ್‌ಐ ಸಂಸ್ಥೆಯ ಕೇಂದ್ರನೂ ಇದೆ, ಕಡಲಿನ ಬಗ್ಗೆ ಓದೋಕೆ ಇದಕ್ಕಿಂತ ಚಲೋ ಜಾಗ ಬೇಕಾ? ಶಿರಸಿಲಿ ಧಾರವಾಡ ಕೃಷಿ ಯೂನಿವರ್ಸಿಟಿಯ ಅರಣ್ಯ ಕಾಲೇಜಿದೆ, ಕಾಡು, ಮರ, ಕಾಡುತ್ಪತ್ತಿ ಬಗ್ಗೆ ಎಂಎಸ್‌ಸಿ ಮಾಡೋಕೆ ಬೇರೆ ಜಿಲ್ಲೆಯವ್ರು ಬಂದು ಇಲ್ಲಿ ಇರ್ತಾರೆ. ಇವೆರಡನ್ನ ನೋಡೋಕೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರ್ಬಹುದು, ನೋಡೋದು ಹೆಂಗೆ ಅನ್ನೋದರ ಅಭ್ಯಾಸನೂ ಆಗ್ತದೆ, ಎಂತ ಕೇಳ್ಬೇಕು ಅಂತ ಅಲ್ಲೇ ತಿಳೀತದೆ.

ಆಮೇಲೆ ದೂರದ್ದು. ಧಾರವಾಡಕ್ಕೆ ಯಲ್ಲಾಪುರ ಮೇಲೆ ಹುಬ್ಬಳ್ಳಿ, ಅಲ್ಲಿಂದ ಚಿಗರಿ ಬಸ್ಸು. ಶಿರಸಿ, ಸಿದ್ದಾಪುರ ಕಡೆಯವ್ರಿಗೆ ಸಾಗರ, ಶಿವಮೊಗ್ಗ ಮೇಲೆ ಶಂಕರಘಟ್ಟದ ಕುವೆಂಪು ಯೂನಿವರ್ಸಿಟಿ ಅಂಥ ದೂರ ಅಲ್ಲ. ಭಟ್ಕಳ, ಹೊನ್ನಾವರದವ್ರಿಗೆ ಕೊಂಕಣ ರೈಲಲ್ಲಿ ಮಂಗಳೂರು, ಅಲ್ಲಿಂದ ಕೊಣಾಜೆಯ ಮಂಗಳೂರು ಯೂನಿವರ್ಸಿಟಿಗೆ ಸಿಟಿ ಬಸ್ಸು. ಕಾರವಾರದವ್ರಿಗೆ ಗೋವಾ ಹತ್ರ, ಪಣಜಿ ನೂರು ಕಿಲೋಮೀಟರ್ ಆಸುಪಾಸು, ತಾಳಗಾಂವ್ ಗುಡ್ಡದ ಮೇಲೆ ಗೋವಾ ಯೂನಿವರ್ಸಿಟಿ, ಅದರ ಪಕ್ಕ ದೋನಾ ಪಾವ್ಲಾದಲ್ಲಿ 1966ರಲ್ಲಿ ಶುರುವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ, ಒಂದೇ ದಿನಕ್ಕೆ ಎರಡೂ ನೋಡ್ಬಹುದು. ಬೆಂಗಳೂರಿಗೆ ರಾತ್ರಿ ಪಂಚಗಂಗಾ ರೈಲು ಹತ್ತಿದ್ರೆ ಬೆಳಿಗ್ಗೆ ಇಳೀತೀರಿ, ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಯಶವಂತಪುರದ ಹತ್ರನೇ, ಜಿಕೆವಿಕೆ ಕೃಷಿ ಯೂನಿವರ್ಸಿಟಿ ಒಳಗಿರೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ಸು, ಜಕ್ಕೂರಿನ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರ ಎರಡೂ ಬಳ್ಳಾರಿ ರೋಡ್ ಕಡೆಗೆ, ಹಂಗಾಗಿ ಎರಡು ದಿನ ಇಟ್ಕೊಂಡ್ರೆ ಮೂರನ್ನೂ ನೋಡ್ಬಹುದು. ಐಐಎಸ್‌ಸಿಲಿ ವರ್ಷಕ್ಕೊಂದ್ಸಲ ಓಪನ್ ಡೇ ಇರ್ತದೆ, ಸಾಮಾನ್ಯ ಫೆಬ್ರವರಿ ಮಾರ್ಚ್ ಹೊತ್ತಿಗೆ, ಯಾರು ಬೇಕಾದ್ರೂ ಹೋಗ್ಬಹುದು, ಹುರುಪು ಬರೋದಕ್ಕೆ ಅದು ಒಳ್ಳೇದು. ಆದ್ರೆ ಅವತ್ತು ಜಾತ್ರೆ ಥರ ಜನ, ಅಲ್ಲಿ ಸೇರ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋಕೆ ಮಾಮೂಲಿ ದಿನನೇ ಸರಿ.

ಹೆಣ್ಮಕ್ಕಳಿಗೆ ಒಂದು ಮಾತು ವಿಶೇಷವಾಗಿ ಹೇಳ್ತೀನಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಧಾರವಾಡ ಇರ್ಲಿ ಶಿವಮೊಗ್ಗ ಇರ್ಲಿ, ಆಧಾರ್ ತೋರಿಸಿದ್ರೆ ಸರ್ಕಾರಿ ಸಾದಾ ಬಸ್ಸಲ್ಲಿ, ಎಕ್ಸ್‌ಪ್ರೆಸ್ಸಲ್ಲಿ ಟಿಕೆಟ್ ದುಡ್ಡಿಲ್ಲ. ಹೊರ ರಾಜ್ಯಕ್ಕೆ ಹೋಗೋ ಬಸ್ಸಿಗೆ ಅದು ನಡಿಯೋದಿಲ್ಲ, ಹಂಗಾಗಿ ಗೋವಾಕ್ಕೆ ಕೈಯಿಂದ ಹಾಕ್ಬೇಕು, ಮಂಗಳೂರು ಕಡೆಯ ಪ್ರೈವೇಟ್ ಸಿಟಿ ಬಸ್ಸಿಗೂ ಅಷ್ಟೇ. ಆದ್ರೂ ದೇವಸ್ಥಾನಕ್ಕೆ, ಮದುವೆಗೆ ಅಂತ ಆ ಬಸ್ಸಲ್ಲಿ ಓಡಾಡೋವಾಗ ಓದಿನ ಕೆಲಸಕ್ಕೂ ಹತ್ತಿ ಅಂತೀನಿ ನಾನು. ಖರ್ಚಿಗೆ ಹೆದರಿ ಸುಮ್ನಿದ್ದ ಎಷ್ಟೋ ಮನೆಗಳಿಗೆ ಈಗ ಆ ಒಂದು ನೆಪ ಇಲ್ಲ.

ಹೋಗೋಕೆ ಎರಡು ಮೂರು ವಾರ ಮುಂಚೆ ಇಮೇಲ್ ಬರೀಬೇಕು. ಎಂಎಸ್‌ಸಿ ಬಗ್ಗೆ ಆದ್ರೆ ವಿಭಾಗದ ಮುಖ್ಯಸ್ಥರಿಗೆ, ಪಿಎಚ್‌ಡಿ ಆದ್ರೆ ಯಾರ ಹತ್ರ ಕೆಲಸ ಮಾಡ್ಬೇಕು ಅಂತಿದೆಯೋ ಅವರಿಗೇ. ಇಲ್ಲಿ ನಮ್ಮ ಮಕ್ಕಳು ಮಾಡೋದು ನೋಡಿದೀನಿ, ಎಲ್ಲಿಂದಲೋ ಕಾಪಿ ಹೊಡೆದ ಒಂದು ದೊಡ್ಡ ಪತ್ರ, ಅದನ್ನ ಒಂದೇ ಸಲ ಇಡೀ ವಿಭಾಗದವ್ರಿಗೆಲ್ಲ ಸಿಸಿ ಹಾಕಿ ಕಳ್ಸೋದು. ಅದನ್ನ ಯಾರೂ ಓದೋದಿಲ್ಲ. ಆರೇಳು ಸಾಲು ಸಾಕು: ನಾನು ಇಂಥ ಊರಿನ ಇಂಥ ಕಾಲೇಜಿನವಳು, ಇಂಥದ್ದು ಓದ್ತಾ ಇದೀನಿ, ನಿಮ್ಮ ಇಂಥ ಕೆಲಸದ ಬಗ್ಗೆ ಓದ್ದೆ, ಅದರಲ್ಲಿ ಇದು ನಂಗೆ ಹಿಡಿಸ್ತು, ಇಂಥ ವಾರದಲ್ಲಿ ನಿಮ್ಮೂರಿಗೆ ಬರ್ಬೇಕು ಅಂತಿದೀನಿ, ಇಪ್ಪತ್ತು ನಿಮಿಷ ಸಿಗ್ತದಾ, ನಿಮ್ಮ ಲ್ಯಾಬಲ್ಲಿ ಪಿಎಚ್‌ಡಿ ಮಾಡ್ತಾ ಇರೋ ಯಾರಾದ್ರೂ ಸ್ಕಾಲರ್ ಜೊತೆ ಮಾತಾಡ್ಬಹುದಾ. ಬರಿಯೋ ಮುಂಚೆ ಅವರು ಇನ್ನೂ ಅಲ್ಲೇ ಇದಾರಾ ನೋಡಿ, ವೆಬ್‌ಸೈಟಲ್ಲಿ ಹೆಸರಿರ್ತದೆ, ಅವರು ರಿಟೈರ್ ಆಗಿ ವರ್ಷಗಳೇ ಆಗಿರ್ತದೆ. ಗೂಗಲ್ ಸ್ಕಾಲರಲ್ಲಿ ಹೆಸರು ಹಾಕಿದ್ರೆ ಈಚಿನ ವರ್ಷಗಳಲ್ಲಿ ಎಂತ ಪೇಪರ್ ಬಂದಿದೆ, ಅದರಲ್ಲಿ ಮೊದಲ ಹೆಸರು ವಿದ್ಯಾರ್ಥಿದಾ, ಯಾವಾಗ್ಲೂ ಪ್ರೊಫೆಸರದ್ದೇನಾ ಅಂತ ಗೊತ್ತಾಗ್ತದೆ. ಒಂದು ವಾರ ಕಾದು ಉತ್ತರ ಬರದಿದ್ರೆ ಅದೇ ಮೇಲನ್ನ ಇನ್ನೊಮ್ಮೆ ಕಳ್ಸಿ, ಅದರಲ್ಲಿ ನಾಚಿಕೆ ಎಂತದೂ ಇಲ್ಲ, ಅವರಿಗೆ ದಿನಕ್ಕೆ ರಾಶಿ ಮೇಲ್ ಬರ್ತದೆ. ಇಂಗ್ಲಿಷ್ ತಪ್ಪಾಗ್ತದೆ ಅಂತ ಹೆದರಿ ಬರೀದೆ ಇರೋರು ನಮ್ಮಲ್ಲಿ ಬಹಳ, ಸಣ್ಣ ಸಣ್ಣ ವಾಕ್ಯದಲ್ಲಿ ಬರೀರಿ, ಕಾಲೇಜಿನ ಯಾವ್ದಾದ್ರೂ ಮೇಡಂ ಹತ್ರ ತೋರಿಸ್ಕೊಳ್ಳಿ, ನಾವು ಇರೋದೇ ಅದಕ್ಕೆ.

ಅಲ್ಲಿಗೆ ಹೋದ್ಮೇಲೆ ಬಿಲ್ಡಿಂಗ್ ನೋಡ್ತಾ ಸೆಲ್ಫಿ ತಗೊಳ್ತಾ ಟೈಮ್ ಕಳೀಬೇಡಿ. ಮೊದ್ಲು ವಿಭಾಗದ ನೋಟಿಸ್ ಬೋರ್ಡ್ ಮುಂದೆ ಹತ್ತು ನಿಮಿಷ ನಿಂತ್ಕೊಳ್ಳಿ. ಟೈಮ್‌ಟೇಬಲ್ ಹಾಕಿದಾರಾ, ಅದು ಈ ವರ್ಷದ್ದಾ, ಸೆಮಿನಾರ್ ನೋಟಿಸ್ ಇದೆಯಾ, ಪಿಎಚ್‌ಡಿ ವೈವಾ ನೋಟಿಸ್ ಈಚೆಗೆ ಯಾವ್ದಾದ್ರೂ ಬಿದ್ದಿದೆಯಾ, ಇಷ್ಟು ನೋಡಿದ್ರೆ ಆ ವಿಭಾಗದಲ್ಲಿ ಉಸಿರಾಟ ಇದೆಯಾ ಇಲ್ವಾ ತಿಳೀತದೆ. ಲ್ಯಾಬಲ್ಲಿ ಮಿಷಿನ್ ಎಷ್ಟಿದೆ ಅನ್ನೋದಕ್ಕಿಂತ ನಡೀತಾ ಇರೋದು ಎಷ್ಟು ಅಂತ ನೋಡಿ. ದೊಡ್ಡ ಉಪಕರಣದ ಪಕ್ಕ ಒಂದು ಲಾಗ್‌ಬುಕ್ ಇರ್ತದೆ, ಯಾರು ಯಾವತ್ತು ಬಳಸಿದ್ರು ಅಂತ ಬರೆದಿರ್ತಾರೆ, ಕೇಳಿ ನೋಡಿ, ಕೊನೇ ಎಂಟ್ರಿ ಹೋದ ವಾರದ್ದಾ, ಎರಡು ವರ್ಷದ ಹಿಂದಿನದ್ದಾ. ನನ್ನ ಒಬ್ಬ ವಿದ್ಯಾರ್ಥಿ, ಅಂಕೋಲಾ ಕಡೆ ಮೀನುಗಾರರ ಮನೆ ಹುಡುಗ, ಒಂದು ಯೂನಿವರ್ಸಿಟಿಲಿ ಬ್ರೋಶರ್ ನೋಡಿ ಎಂಎಸ್‌ಸಿಗೆ ಸೇರಿದ, ಆ ಬ್ರೋಶರಲ್ಲಿದ್ದ ಮುಖ್ಯ ಉಪಕರಣ ಅವನ ಎರಡು ವರ್ಷದಲ್ಲಿ ಒಂದು ದಿನನೂ ಆನ್ ಆಗ್ಲಿಲ್ಲ, ಪ್ರಾಜೆಕ್ಟ್ ಮಾಡೋಕೆ ಸ್ಯಾಂಪಲ್ ಹೊರಗಡೆ ದುಡ್ಡು ಕೊಟ್ಟು ಮಾಡಿಸ್ಕೊಂಡು ಬಂದ. ಅವನ ಅಪ್ಪ ಬೋಟ್ ಮೇಲೆ ಕೆಲಸ ಮಾಡಿ ಕಳಿಸ್ತಿದ್ದ ದುಡ್ಡು ಅದು. ಒಂದೇ ಒಂದು ದಿನ ಮೊದ್ಲು ಹೋಗಿ ಆ ಲ್ಯಾಬ್ ಬಾಗಿಲಲ್ಲಿ ನಿಂತಿದ್ರೆ ಅವನಿಗೆ ಗೊತ್ತಾಗ್ತಿತ್ತು.

ಪರ್ಮಿಷನ್ ಕೇಳಿ ಒಂದು ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ. ಖಾಯಂ ಪ್ರಾಧ್ಯಾಪಕರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಅಂತ ಕೇಳಿ. ಅತಿಥಿ ಉಪನ್ಯಾಸಕರು ಅಂದ್ರೆ ಪಾಠ ಚಲೋ ಇರೋದಿಲ್ಲ ಅಂತ ಅಲ್ವೇ ಅಲ್ಲ, ನಂಗೆ ಅತ್ಯಂತ ಚಂದ ಕಲ್ಸಿದವ್ರಲ್ಲಿ ಅವರೂ ಇದಾರೆ, ಅವರಿಗೆ ಸರಿಯಾದ ಸಂಬಳ ಕೊಡದೇ ಇರೋದು ನಮ್ಮ ರಾಜ್ಯದ ಉನ್ನತ ಶಿಕ್ಷಣಕ್ಕೆ ದೊಡ್ಡ ಅನ್ಯಾಯ. ಆದ್ರೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಪಿಎಚ್‌ಡಿಗೆ ಗೈಡ್ ಆಗೋದು ಖಾಯಂ ಇರೋರೇ, ಅಲ್ಲೇ ಮುಂದೆ ಪಿಎಚ್‌ಡಿ ಮಾಡ್ಬೇಕು ಅಂತ ಆಸೆ ಇದ್ರೆ ಈ ಲೆಕ್ಕ ಬೇಕಾಗ್ತದೆ.

ಪಿಎಚ್‌ಡಿಗೆ ಹೋಗೋರು ಇನ್ನಷ್ಟು ತಿಳ್ಕೊಂಡು ಹೋಗ್ಬೇಕು. ಯುಜಿಸಿ 2022ರಲ್ಲಿ ಹೊಸ ನಿಯಮ ತಂತು, ಅದರ ಪ್ರಕಾರ ಒಂದು ಹೊತ್ತಿಗೆ ಪ್ರೊಫೆಸರ್ ಹತ್ರ 8 ಜನ, ಅಸೋಸಿಯೇಟ್ ಪ್ರೊಫೆಸರ್ ಹತ್ರ 6, ಅಸಿಸ್ಟೆಂಟ್ ಪ್ರೊಫೆಸರ್ ಹತ್ರ 4, ಅದಕ್ಕಿಂತ ಹೆಚ್ಚು ಪಿಎಚ್‌ಡಿ ವಿದ್ಯಾರ್ಥಿಗಳನ್ನ ತಗೊಳ್ಳೋ ಹಾಗಿಲ್ಲ. ರಿಟೈರ್ ಆಗೋಕೆ ಮೂರು ವರ್ಷಕ್ಕಿಂತ ಕಮ್ಮಿ ಇರೋರು ಹೊಸಬರನ್ನ ತಗೊಳ್ಳೋ ಹಾಗಿಲ್ಲ. ಇದನ್ನ ಕೇಳೋಕೆ ನಮ್ಮ ಮಕ್ಕಳಿಗೆ ಮುಜುಗರ, ಸರ್ ನಿಮ್ಮ ಸರ್ವಿಸ್ ಎಷ್ಟಿದೆ ಅಂತ ಹೆಂಗೆ ಕೇಳೋದು ಅಂತಾರೆ. ಹಾಗೆ ಕೇಳ್ಬೇಡಿ, ಸರ್ ಮುಂದಿನ ವರ್ಷ ನಿಮ್ಮತ್ರ ಜಾಗ ಖಾಲಿ ಇರ್ತದಾ ಅಂತ ಕೇಳಿದ್ರೆ ಎಲ್ಲಾ ಉತ್ತರ ಒಂದೇ ಮಾತಲ್ಲಿ ಬರ್ತದೆ. 2024ರಿಂದ ಯುಜಿಸಿಯ ನೆಟ್ ಪರೀಕ್ಷೆಯ ಸ್ಕೋರ್ ಮೇಲೂ ಪಿಎಚ್‌ಡಿ ಪ್ರವೇಶ ಕೊಡ್ತಾರೆ, ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಸಿಗದೆ ಬರೀ ನೆಟ್ ಪಾಸಾದವ್ರಿಗೆ ಸ್ಕೋರಿಗೆ 70, ಇಂಟರ್‌ವ್ಯೂಗೆ 30 ಲೆಕ್ಕ. ಜೆಆರ್‌ಎಫ್ ಸಿಕ್ಕಿದ್ರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದ್ಮೇಲೆ ಎಸ್‌ಆರ್‌ಎಫ್ ಅಂತ 42,000. ಕಾಗದದ ಮೇಲೆ ಚಂದ ಕಾಣ್ತದೆ. ಆ ದುಡ್ಡು ತಿಂಗಳು ತಿಂಗಳು ಬರ್ತದಾ, ಆರು ತಿಂಗಳಿಗೊಮ್ಮೆ ಬರ್ತದಾ, ಆಫೀಸಲ್ಲಿ ಫೈಲ್ ಯಾರ ಟೇಬಲ್ ಮೇಲೆ ಕೂತಿರ್ತದೆ, ಇದನ್ನ ಮಾತ್ರ ಯಾವ ವೆಬ್‌ಸೈಟೂ ಹೇಳೋದಿಲ್ಲ, ಅಲ್ಲಿರೋ ಸ್ಕಾಲರ್ ಹೇಳ್ಬೇಕು. ಊರಿಗೆ ದುಡ್ಡು ಕಳಿಸ್ಬೇಕಾದ ಮಕ್ಕಳಿಗೆ ಇದು ಸಣ್ಣ ವಿಷ್ಯ ಅಲ್ಲ.

ಹಂಗಾಗಿ ನಾನು ಎಲ್ಲರಿಗೂ ಹೇಳೋದು, ಪ್ರೊಫೆಸರ್ ಹತ್ರ ಇಪ್ಪತ್ತು ನಿಮಿಷ ಕೂತ್ರೆ ಅಲ್ಲಿರೋ ಸ್ಕಾಲರ್‌ಗಳ ಹತ್ರ ಎರಡು ತಾಸು ಕೂತ್ಕೊಳ್ಳಿ, ಗೈಡ್ ಇಲ್ದೆ ಇರೋ ಕಡೆ, ಕ್ಯಾಂಟೀನಲ್ಲಿ, ಒಬ್ಬರೇ ಅಲ್ಲ, ಇಬ್ಬರು ಮೂವರ ಹತ್ರ. ಮೊದಲ ವರ್ಷದವ್ರು ಹುರುಪಲ್ಲಿ ಎಲ್ಲಾ ಚಲೋ ಅಂತಾರೆ, ನಾಲ್ಕನೇ ವರ್ಷದವ್ರನ್ನ ಹುಡುಕಿ. ನಿಮ್ಮ ಹಿಂದಿನವ್ರು ಎಷ್ಟು ವರ್ಷಕ್ಕೆ ಮುಗಿಸಿದ್ರು, ಮುಗಿಸಿ ಎಲ್ಲಿಗೆ ಹೋದ್ರು, ಮಧ್ಯದಲ್ಲಿ ಬಿಟ್ಟು ಹೋದವ್ರು ಇದಾರಾ, ಕೆಮಿಕಲ್ ತರ್ಸೋಕೆ ಎಷ್ಟು ತಿಂಗಳು ಆಗ್ತದೆ, ಫೀಲ್ಡಿಗೆ ಹೋದ ಖರ್ಚು ವಾಪಸ್ ಕೊಡ್ತಾರಾ, ಮನೇಲಿ ಕಾರ್ಯ ಇದ್ರೆ, ಗದ್ದೆ ಕೆಲಸ ಇದ್ರೆ ರಜೆ ಕೊಡ್ತಾರಾ, ಗೈಡ್ ಸಿಟ್ಟು ಬಂದಾಗ ಹೆಂಗೆ ಮಾತಾಡ್ತಾರೆ. ನೇರವಾಗಿ ಉತ್ತರ ಹೇಳದೆ ಮಾತು ಬದಲ್ಸಿದ್ರೆ ಅದೂ ಒಂದು ಉತ್ತರನೇ. ಶಿರಸಿ ಕಡೆ ಒಬ್ಬ ಹುಡುಗಿ ಹೀಗೇ ಹೋಗಿ ಮಾತಾಡ್ಕೊಂಡು ಬಂದು, ತಾನು ಅಂದ್ಕೊಂಡಿದ್ದ ದೊಡ್ಡ ಹೆಸರಿನ ಲ್ಯಾಬ್ ಬಿಟ್ಟು ಅದೇ ಕಾರಿಡಾರಿನ ಇನ್ನೊಂದು ಸಣ್ಣ ಲ್ಯಾಬಿಗೆ ಸೇರಿದ್ಲು. ಅಲ್ಲಿ ಮೇಡಂ ವಾರಕ್ಕೊಮ್ಮೆ ಕೂರಿಸ್ಕೊಂಡು ಬರೆದದ್ದನ್ನ ತಿದ್ತಾರೆ ಅಂತ ಇಬ್ಬರು ಬೇರೆ ಬೇರೆಯಾಗಿ ಹೇಳಿದ್ರಂತೆ. ಅವಳು ಈಗ ಥೀಸಿಸ್ ಕೊಡೋ ಹಂತದಲ್ಲಿ ಇದಾಳೆ.

ಹೆಣ್ಮಕ್ಕಳು ನೋಡ್ಬೇಕಾದ್ದು ಇನ್ನೂ ಕೆಲವು ಇದೆ, ಇದನ್ನ ಬಾಯಿ ಬಿಟ್ಟು ಹೇಳೋರು ಕಮ್ಮಿ, ಅದಕ್ಕೇ ನಾನೇ ಬರೀತೀನಿ. ವಿಭಾಗದ ಬಿಲ್ಡಿಂಗಲ್ಲಿ ಹೆಣ್ಮಕ್ಕಳ ಟಾಯ್ಲೆಟ್ ಇದೆಯಾ, ಅದರ ಬೀಗದ ಕೈ ಯಾರ ಹತ್ರ, ನಲ್ಲಿಲಿ ನೀರು ಬರ್ತದಾ, ಹೋಗಿ ನೋಡಿ. ಲ್ಯಾಬಿಂದ ಹಾಸ್ಟೆಲಿಗೆ ಹೋಗೋ ದಾರಿಲಿ ನಡೆದು ನೋಡಿ, ಆಗೋದಾದ್ರೆ ಕತ್ತಲಾದ್ಮೇಲೆ ಇಬ್ಬರು ಸೇರಿ ಇನ್ನೊಮ್ಮೆ ನಡೆದು ನೋಡಿ, ದೀಪ ಇದೆಯಾ ಅಂತ. ಎಕ್ಸ್‌ಪೆರಿಮೆಂಟ್ ರಾತ್ರಿ ಹತ್ತರ ತನಕ ನಡೀತದೆ, ಹಾಸ್ಟೆಲ್ ಗೇಟು ಅದಕ್ಕೂ ಮುಂಚೆ ಹಾಕ್ತಾರೆ ಅಂದ್ರೆ ಪಿಎಚ್‌ಡಿ ಹೆಂಗೆ ಮಾಡೋದು? ಲೈಂಗಿಕ ಕಿರುಕುಳದ ದೂರು ಕೊಡೋ ಆಂತರಿಕ ಸಮಿತಿ 2013ರ ಕಾಯ್ದೆ ಪ್ರಕಾರ ಇರ್ಲೇಬೇಕು, ಅದರ ಸದಸ್ಯರ ಹೆಸರು, ಫೋನ್ ನಂಬರ್ ಬೋರ್ಡಲ್ಲಿ ಹಾಕಿದಾರಾ ನೋಡಿ. ಮದುವೆ ಆದವ್ರಿಗೆ, ಆಗೋರಿಗೆ ಇನ್ನೊಂದು ವಿಷ್ಯ, ಹೆರಿಗೆ, ಮಗು ಆರೈಕೆಗೆ ಅಂತ ಪಿಎಚ್‌ಡಿ ಅವಧಿಲಿ 240 ದಿನದ ತನಕ ರಜೆ, ಮುಗ್ಸೋಕೆ ಎರಡು ವರ್ಷ ಹೆಚ್ಚಿನ ಟೈಮು ಯುಜಿಸಿ ನಿಯಮದಲ್ಲೇ ಇದೆ. ಅದನ್ನ ಆ ವಿಭಾಗದಲ್ಲಿ ಯಾರಾದ್ರೂ ತಗೊಂಡಿದಾರಾ, ತಗೊಂಡವ್ರನ್ನ ಹೆಂಗೆ ನೋಡ್ಕೊಂಡ್ರು ಅಂತ ಕೇಳಿ.

ಹಾಸ್ಟೆಲ್ ವಿಷ್ಯದಲ್ಲಿ ಗಂಡು ಹೆಣ್ಣು ಎಲ್ಲರಿಗೂ ಒಂದೇ ಮಾತು. ಸೀಟ್ ಸಿಕ್ತು ಅಂದ್ರೆ ರೂಮ್ ಸಿಕ್ತು ಅಂತ ಅಲ್ಲ. ಯೂನಿವರ್ಸಿಟಿ ಹಾಸ್ಟೆಲ್ ಬೇರೆ, ಬಿಸಿಎಂ ಹಾಸ್ಟೆಲ್ ಬೇರೆ, ಸಮಾಜ ಕಲ್ಯಾಣ ಇಲಾಖೆದು ಬೇರೆ, ಒಂದೊಂದಕ್ಕೂ ಬೇರೆ ಅರ್ಜಿ, ಬೇರೆ ಕೊನೇ ದಿನ, ಎಲ್ಲೂ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿ ಖರ್ಚಿಗೆ ಸರ್ಕಾರ ದುಡ್ಡು ಕೊಡೋ ವಿದ್ಯಾಸಿರಿ ಇದೆ. ಹೋದ ದಿನನೇ ವಾರ್ಡನ್ ಆಫೀಸಲ್ಲಿ ಇದೆಲ್ಲ ಕೇಳಿ ಒಂದು ಕಾಗದದಲ್ಲಿ ಬರ್ಕೊಂಡು ಬನ್ನಿ. ಮೆಸ್ಸಲ್ಲಿ ಒಂದು ಊಟ ಮಾಡಿ. ಕುಚ್ಚಲಕ್ಕಿ ಅನ್ನ, ಮೀನು ಸಾರು ಉಂಡು ಬೆಳೆದ ಮಕ್ಕಳಿಗೆ ಧಾರವಾಡದ ಜೋಳದ ರೊಟ್ಟಿ ಹೊಂದೋಕೆ ಸ್ವಲ್ಪ ದಿನ ಬೇಕು, ಹೊಂದ್ತದೆ, ಆದ್ರೆ ಕುಡಿಯೋ ನೀರು, ಅಡುಗೆಮನೆ ಚೊಕ್ಕ ಇದೆಯಾ ಅನ್ನೋದನ್ನ ಮಾತ್ರ ಕಣ್ಣಾರೆ ನೋಡ್ಬೇಕು.

ಅಪ್ಪ ಅಮ್ಮಂದಿರಿಗೂ ಒಂದು ಮಾತಿದೆ. ನೀವು ಜೊತೆಗೆ ಹೋಗೋದು ಒಳ್ಳೇದೇ, ಹೋಗಿ, ಹಾಸ್ಟೆಲ್ ನೋಡಿ, ಮೆಸ್ ನೋಡಿ, ಬಸ್‌ಸ್ಟಾಪಿಗೆ ಎಷ್ಟು ದೂರ ನೋಡಿ, ವಾರ್ಡನ್ ಹತ್ರ ಬೇಕಾದಷ್ಟು ಕೇಳಿ. ಪ್ರೊಫೆಸರ್ ರೂಮಿನ ಒಳಗೆ ಮಾತ್ರ ಮಗಳನ್ನ, ಮಗನನ್ನ ಒಬ್ಬರೇ ಕಳ್ಸಿ. ನಾವು ಪಕ್ಕದಲ್ಲಿ ಕೂತ್ರೆ ಅವರು ನಮ್ಮ ಮುಖ ನೋಡ್ಕೊಂಡು ಮಾತಾಡ್ತಾರೆ, ಪ್ರೊಫೆಸರೂ ನಮ್ಮ ಹತ್ರನೇ ಮಾತಾಡ್ತಾರೆ, ಮಗು ಸುಮ್ನೆ ಕೂತಿರ್ತದೆ. ಓದೋದು ಅವರು, ಅಲ್ಲಿ ಇರೋದು ಅವರು. ಆ ಇಪ್ಪತ್ತು ನಿಮಿಷ ಅವರದ್ದೇ ಆಗ್ಲಿ.

ಹೋಗೋಕೆ ಆಗೋದೇ ಇಲ್ಲ ಅನ್ನೋರೂ ಇದಾರೆ, ಮನೇಲಿ ಕಾಯಿಲೆ ಇರ್ತದೆ, ದಿನಗೂಲಿ ತಪ್ಪಿಸೋ ಹಾಗಿರೋದಿಲ್ಲ. ಅಂಥವ್ರು ಎರಡು ಮೂರು ಜನ ಸ್ಕಾಲರ್ ಹತ್ರ ವಿಡಿಯೋ ಕಾಲಲ್ಲಿ ಮಾತಾಡಿ, ಲ್ಯಾಬ್ ಒಂದು ಸಲ ತೋರಿಸಿ ಅಂದ್ರೆ ತೋರಿಸ್ತಾರೆ. ಇನ್ನು ಮೊದಲ ವರ್ಷ, ಎರಡನೇ ವರ್ಷದ ಡಿಗ್ರಿಲಿ ಇರೋ ಮಕ್ಕಳಿಗೆ ಇದಕ್ಕಿಂತ ದೊಡ್ಡ ಅವಕಾಶ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಬೇರೆ ಎರಡು ಅಕಾಡೆಮಿ ಜೊತೆ ಸೇರಿ ಸಮ್ಮರ್ ರಿಸರ್ಚ್ ಫೆಲೋಶಿಪ್ ಕೊಡ್ತದೆ, ಜವಾಹರಲಾಲ್ ನೆಹರು ಕೇಂದ್ರನೂ ಕೊಡ್ತದೆ, ಬೇಸಿಗೆ ರಜೆಲಿ ಸುಮಾರು ಎರಡು ತಿಂಗಳು ಒಂದು ಒಳ್ಳೇ ಲ್ಯಾಬಲ್ಲಿ ಕೆಲಸ ಮಾಡೋದು, ಅದಕ್ಕೆ ದುಡ್ಡೂ ಕೊಡ್ತಾರೆ. ಎರಡು ತಿಂಗಳು ಒಳಗಿದ್ದು ನೋಡಿದವ್ರಿಗೆ ಬೇರೆ ಯಾರೂ ಹೇಳೋದು ಬೇಕಾಗೋದಿಲ್ಲ. ಅರ್ಜಿ ಹಿಂದಿನ ವರ್ಷದ ಕೊನೆಯಲ್ಲೇ ಕರೀತಾರೆ, ನಮ್ಮ ಕಾಲೇಜುಗಳಲ್ಲಿ ಆ ನೋಟಿಸನ್ನ ಕ್ಲಾಸಲ್ಲಿ ಓದಿ ಹೇಳ್ಬೇಕು, ಬರೀ ಬೋರ್ಡಿಗೆ ಅಂಟಿಸಿ ಬಿಟ್ರೆ ಆಗೋದಿಲ್ಲ.

ಈಗ ನನ್ನ ಬೇಡಿಕೆ. ಅಮೆರಿಕದಲ್ಲಿ ಪಿಎಚ್‌ಡಿಗೆ ಆಯ್ಕೆ ಆದವ್ರನ್ನ ಬಹಳ ಯೂನಿವರ್ಸಿಟಿಗಳು ಫೆಬ್ರವರಿ ಮಾರ್ಚಲ್ಲಿ ತಾವೇ ಖರ್ಚು ಹಾಕಿ ಕರೆಸ್ಕೊಂಡು ಲ್ಯಾಬ್ ತೋರ್ಸಿ, ವಿದ್ಯಾರ್ಥಿಗಳ ಜೊತೆ ಬಿಟ್ಟು, ಆಮೇಲೆ ಏಪ್ರಿಲ್ 15ರ ತನಕ ಯೋಚ್ನೆ ಮಾಡಿ ಹೇಳಿ ಅಂತ ಟೈಮ್ ಕೊಡ್ತಾರೆ. ಅಷ್ಟು ದುಡ್ಡು ನಮ್ಮ ಯೂನಿವರ್ಸಿಟಿಗಳ ಹತ್ರ ಇಲ್ಲ ಅನ್ನೋದು ಒಪ್ತೀನಿ. ಆದ್ರೆ ಡಿಸೆಂಬರಿಂದ ಫೆಬ್ರವರಿ ಒಳಗೆ ಪ್ರತಿ ವಿಭಾಗ ಒಂದು ಮಧ್ಯಾಹ್ನ ಗೊತ್ತು ಮಾಡಿ, ಅವತ್ತು ಮುಂದಿನ ವರ್ಷ ಸೇರ್ಬೇಕು ಅನ್ನೋರು ಬರ್ಬಹುದು ಅಂತ ವೆಬ್‌ಸೈಟಲ್ಲಿ ಹಾಕೋಕೆ, ಇಬ್ಬರು ಸ್ಕಾಲರ್‌ಗಳನ್ನ ಉತ್ತರ ಹೇಳೋಕೆ ಕೂರ್ಸೋಕೆ ದುಡ್ಡು ಬೇಡ, ಮನಸ್ಸು ಸಾಕು. ಜೊತೆಗೆ ವೆಬ್‌ಸೈಟಲ್ಲಿ ಯಾರ ಹತ್ರ ಎಷ್ಟು ಪಿಎಚ್‌ಡಿ ಜಾಗ ಖಾಲಿ ಇದೆ ಅನ್ನೋದನ್ನ ಆಗಾಗ ಸರಿ ಮಾಡಿ ಹಾಕಿದ್ರೆ ಕುಮಟೆಯಿಂದ, ಹಳಿಯಾಳದಿಂದ ಸುಮ್ನೆ ಬರೋರ ಓಡಾಟ ತಪ್ತದೆ.

ನಮ್ಮ ಜಿಲ್ಲೆಯ ಕಾಲೇಜುಗಳ ಪ್ರಾಂಶುಪಾಲರಿಗೂ ಕೈ ಮುಗಿದು ಕೇಳ್ತೀನಿ. ವರ್ಷಾ ವರ್ಷ ಟೂರ್ ಅಂತ ಬಸ್ ಮಾಡಿ ಬೇಲೂರು, ಹಳೇಬೀಡು, ಮೈಸೂರು ಹೋಗ್ತೇವೆ, ಮಕ್ಕಳು ಕುಣಿದು ಖುಷಿಯಾಗಿ ಬರ್ತಾರೆ, ಅದು ಬೇಕು, ಬೇಡ ಅನ್ನೋದಿಲ್ಲ. ಅದೇ ದಾರಿಲಿ ಒಂದು ಅರ್ಧ ದಿನ ಒಂದು ಯೂನಿವರ್ಸಿಟಿ ವಿಭಾಗದ ಮುಂದೆ ಬಸ್ ನಿಲ್ಸಿ. ಕೋಡಿಬಾಗಕ್ಕೆ, ಶಿರಸಿ ಅರಣ್ಯ ಕಾಲೇಜಿಗೆ ಅಂತೂ ಪ್ರತಿ ವಿಜ್ಞಾನ ಪದವಿ ಕಾಲೇಜು ಫೈನಲ್ ಇಯರ್ ಮಕ್ಕಳನ್ನ ಕರ್ಕೊಂಡು ಹೋಗ್ಲೇಬೇಕು ಅಂತ ಆಗ್ಬೇಕು. ಇಲ್ಲಿಂದ ಓದಿ ಬೇರೆ ಬೇರೆ ಕ್ಯಾಂಪಸ್ಸಿಗೆ ಹೋದ ಹಳೇ ವಿದ್ಯಾರ್ಥಿಗಳ ಹೆಸರು, ಯಾವ ವಿಭಾಗ ಅನ್ನೋ ಒಂದು ರಿಜಿಸ್ಟರ್, ಅವರ ಒಪ್ಪಿಗೆ ತಗೊಂಡು ಇಟ್ಟರೆ, ಮುಂದೆ ಹೋಗೋ ಮಗುಗೆ ಆ ಊರಲ್ಲಿ ಇಳಿದಾಗ ಕೇಳೋಕೆ ಒಬ್ಬ ಅಣ್ಣನೋ ಅಕ್ಕನೋ ಇರ್ತಾರೆ.

ಕೊನೇದಾಗಿ ಸಂಪಾದಕರಲ್ಲಿ ಒಂದು ಕೋರಿಕೆ. ಪಿಜಿ ಅರ್ಜಿ ಕರೆದ ಜಾಹೀರಾತು, ಕೊನೇ ದಿನಾಂಕದ ಸುದ್ದಿ ನೀವು ತಪ್ಪದೆ ಹಾಕ್ತೀರಿ, ಅದಕ್ಕೆ ಧನ್ಯವಾದ. ಡಿಸೆಂಬರ್ ಬಂದಾಗ ಧಾರವಾಡ, ಶಂಕರಘಟ್ಟ, ಕೊಣಾಜೆ, ಕೋಡಿಬಾಗ, ಶಿರಸಿ, ಇಷ್ಟು ಕಡೆಯ ವಿಭಾಗಗಳಿಗೆ ನಿಮ್ಮ ವರದಿಗಾರರು ಒಂದು ಫೋನ್ ಮಾಡಿ, ಯಾವ ವಾರ ಬಂದ್ರೆ ಅನುಕೂಲ, ಯಾರಿಗೆ ಮೇಲ್ ಮಾಡ್ಬೇಕು ಅಂತ ಕೇಳಿ ಜಿಲ್ಲಾ ಪುಟದಲ್ಲಿ ಒಂದು ಕಾಲಂ ಹಾಕಿದ್ರೆ, ಅದನ್ನ ಕತ್ತರಿಸಿ ನಾನೇ ನಮ್ಮ ಕಾಲೇಜಿನ ಬೋರ್ಡಿಗೆ ಹಚ್ಚಿ ಪ್ರತಿ ಕ್ಲಾಸಲ್ಲೂ ಓದಿ ಹೇಳ್ತೀನಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಉಪನ್ಯಾಸಕಿ, ಕುಮಟಾ